ನಗರದ ಕಸ, ಸರಕಾರದ ಅನುದಾನ, ನಮ್ಮ ಹೊಣೆ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಶಾಲೆಯೊಂದು ನೂರು ವರ್ಷ ಪೂರೈಸಿದ ಸಂದರ್ಭದಲ್ಲಿ ವಿದ್ಯೆ, ಭಾಷೆ, ಸಂಸ್ಕೃತಿಗಳ ಕುರಿತು ಮಾತನಾಡುವುದು ರೂಢಿ. ಆ ವಿಷಯಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿದ್ದಾರೆ. ನಾವು ಆಯ್ದುಕೊಂಡಿರುವ ವಿಷಯ ಕಸ. ಮಂಗಲ ಸಮಾರಂಭದಲ್ಲಿ ಕಸದ ಮಾತೇಕೆ ಎಂದು ಕೆಲವರಿಗೆ ಅನಿಸಿದರೆ ಅದು ಸಹಜ. ಆದರೆ ನಮ್ಮಲ್ಲಿ ಯಾವ ಮಂಗಲ ಕಾರ್ಯವಾದರೂ ಆರಂಭವಾಗುವುದು ಅಂಗಳ ಗುಡಿಸುವುದರಿಂದಲೇ. ಗುಡಿಸಿ, ಸಾರಿಸಿ, ರಂಗೋಲಿ ಹಾಕಿದ ಮೇಲೆಯೇ ಮನೆಗೆ ಹಬ್ಬದ ಕಳೆ ಬರುತ್ತದೆ. ಆದ್ದರಿಂದ ಈ ವಿಷಯ ಅಸಂಗತವಾಗಲಾರದೆಂದು ನಂಬಿದ್ದೇವೆ.

ಇನ್ನೊಂದು ಕಾರಣವೂ ಉಂಟು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದಂಥ ಊರುಗಳು ತಮ್ಮ ಕಸವನ್ನು ಕಡಿಮೆ ಮಾಡಲು, ಅದನ್ನು ಮರುಬಳಕೆಗೆ ಒದಗಿಸಲು ಇಂದು ರಾಜ್ಯ ಮತ್ತು ಕೇಂದ್ರ ಸರಕಾರಗಳ ಅನುದಾನವನ್ನೇ ಬಹುಮಟ್ಟಿಗೆ ಆಶ್ರಯಿಸಿವೆ. ಅನುದಾನ ಎಂಬ ಶಬ್ದ ಗಡಿನಾಡಿನ ಕನ್ನಡ ಶಾಲೆಗಳಿಗೆ ಹೊಸದಲ್ಲ. ಅದರ ಬೆಲೆ ನಮಗೆ ಗೊತ್ತು, ಅದರ ಮಿತಿಯೂ ಗೊತ್ತು. ಅನುದಾನದಿಂದ ಶಿಕ್ಷಕರಿಗೆ ವೇತನ ದೊರೆಯುತ್ತದೆ. ವರ್ಗದಲ್ಲಿ ಮಕ್ಕಳು ತುಂಬುವುದು ಪಾಲಕರ ನಂಬಿಕೆಯಿಂದ. ಕಲಿಸುವ ಮನಸ್ಸನ್ನು ಯಾವ ಸರಕಾರಿ ಆದೇಶವೂ ಮಂಜೂರು ಮಾಡಲಾರದು. ಕಸದ ವಿಷಯದಲ್ಲಿಯೂ ಮಾತು ಇದೇ. ನಗರಕ್ಕೆ ಬಂದ ಅನುದಾನ ಫಲಿಸುವುದೋ ವ್ಯರ್ಥವಾಗುವುದೋ ಎಂಬುದು ಬಹುಪಾಲು ನಮ್ಮ ನಿಮ್ಮ ಅಡುಗೆಮನೆಯಲ್ಲಿ ನಿರ್ಧಾರವಾಗುತ್ತದೆ. ಇಂದು ನಾವು ನಿವೇದಿಸಬೇಕೆಂದಿರುವುದು ಇದೊಂದೇ ಮಾತು.

ಮೊದಲು ಈ ಅನುದಾನದ ಬಗೆಯನ್ನು ತಿಳಿಯೋಣ. ಬಹುಕಾಲ ನಮ್ಮ ದೇಶದಲ್ಲಿ ಊರಿನ ಕಸವೆಂದರೆ ಊರಾಚೆ ಒಯ್ದು ಸುರಿಯುವ ವಸ್ತುವಾಗಿತ್ತು. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲರು ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಸಲ್ಲಿಸಿದರು. ಆ ವಿಚಾರಣೆಯ ಬೆನ್ನಿಗೇ 2000ದಲ್ಲಿ ನಗರದ ಘನತ್ಯಾಜ್ಯದ ನಿಯಮಗಳು ಜಾರಿಗೆ ಬಂದವು. 2016ರಲ್ಲಿ ಆ ನಿಯಮಗಳನ್ನು ಪರಿಷ್ಕರಿಸಿ, ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರು ಬಗೆಯಾಗಿ ವಿಂಗಡಿಸಿ ಕೊಡುವುದನ್ನು ಪ್ರತಿ ಮನೆಯ ಕರ್ತವ್ಯವನ್ನಾಗಿ ಮಾಡಲಾಯಿತು.

ಹಣದ ವ್ಯವಸ್ಥೆ ಇದರ ಜೊತೆಜೊತೆಗೆ ಬೆಳೆಯಿತು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಆರಂಭವಾಯಿತು. ನಗರಗಳಿಗಾಗಿ ಅದರ ಎರಡನೆಯ ಹಂತ 2021ರ ಅಕ್ಟೋಬರ್ 1ರಂದು, ಕಸಮುಕ್ತ ನಗರಗಳ ಗುರಿಯೊಡನೆ ಮೊದಲಾಯಿತು. ಕಸ ನಿರ್ವಹಣೆಗಾಗಿ ಕೇಂದ್ರ ಸರಕಾರ ನೀಡುವ ಪಾಲನ್ನು ಆ ಹಂತದಲ್ಲಿ ಊರಿನ ಜನಸಂಖ್ಯೆಗೆ ತಕ್ಕಂತೆ ಗೊತ್ತುಪಡಿಸಲಾಯಿತು. ಬಹುತೇಕ ರಾಜ್ಯಗಳಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ ಶೇ. 50, ಒಂದರಿಂದ ಹತ್ತು ಲಕ್ಷದವರೆಗಿನ ನಗರಕ್ಕೆ ಶೇ. 33, ಹತ್ತು ಲಕ್ಷ ಮೀರಿದ ನಗರಕ್ಕೆ ಶೇ. 25. 2011ರ ಜನಗಣತಿಯಂತೆ ಕೊಲ್ಹಾಪುರ ನಗರದ ಜನಸಂಖ್ಯೆ ಸುಮಾರು ಐದೂವರೆ ಲಕ್ಷ, ಇಚಲಕರಂಜಿಯದು ಎರಡು ಲಕ್ಷ ಎಂಬತ್ತೇಳು ಸಾವಿರ. ಇವೆರಡೂ ನಡುವಿನ ವರ್ಗದವು. ಗಡಹಿಂಗ್ಲಜ ಮೊದಲ ವರ್ಗದ್ದು. ಉಳಿದ ಹಣವನ್ನು ರಾಜ್ಯ ಸರಕಾರ ಮತ್ತು ಆಯಾ ಊರಿನ ಆಡಳಿತ ಹೊಂದಿಸಬೇಕು. ಇದಲ್ಲದೆ ಹದಿನೈದನೆಯ ಹಣಕಾಸು ಆಯೋಗವು ಇಂಥ ನಗರಗಳಿಗೆ ನೀಡಿದ ಅನುದಾನದಲ್ಲಿ ಶೇ. 30ರಷ್ಟನ್ನು ನೈರ್ಮಲ್ಯ ಮತ್ತು ಕಸ ನಿರ್ವಹಣೆಗೇ ಮೀಸಲಿಟ್ಟಿತು. ಮಹಾರಾಷ್ಟ್ರ ಸರಕಾರವೂ 2020ರ ಅಕ್ಟೋಬರ್ 2ರಿಂದ 'ಮಾಝೀ ವಸುಂಧರಾ' ಅಭಿಯಾನವನ್ನು ನಡೆಸಿ, ಪರಿಸರ ರಕ್ಷಣೆಯಲ್ಲಿ ಮುಂದಿರುವ ಊರುಗಳಿಗೆ ಬಹುಮಾನದ ಹಣ ನೀಡುತ್ತ ಬಂದಿದೆ.

ಬಹುಮಾನದ ಈ ಪದ್ಧತಿಗೆ ಮಹಾರಾಷ್ಟ್ರದಲ್ಲಿ ಒಂದು ಒಳ್ಳೆಯ ಪೂರ್ವನಿದರ್ಶನವಿದೆ. 2000-01ರಲ್ಲಿ, ಆರ್. ಆರ್. ಪಾಟೀಲರು ಗ್ರಾಮಾಭಿವೃದ್ಧಿ ಮಂತ್ರಿಗಳಾಗಿದ್ದಾಗ, ಸಂತ ಗಾಡಗೆಬಾಬಾ ಗ್ರಾಮ ಸ್ವಚ್ಛತಾ ಅಭಿಯಾನ ನಡೆಯಿತು. ಅಲ್ಲಿ ಸರಕಾರ ಮುಂಗಡವಾಗಿ ಹಣ ಕೊಡಲಿಲ್ಲ. ಊರಿನವರು ಶ್ರಮದಾನದಿಂದ ಊರನ್ನು ಹಸನು ಮಾಡಿಕೊಳ್ಳಬೇಕು, ಪರೀಕ್ಷಕರು ಬಂದು ನೋಡಬೇಕು, ಆಮೇಲೆ ಬಹುಮಾನ. ಸಾವಿರಾರು ಹಳ್ಳಿಗಳು ಆ ಸ್ಪರ್ಧೆಗೆ ಇಳಿದವು. ಎಷ್ಟೋ ಹಳ್ಳಿಗಳಿಗೆ ಬಹುಮಾನ ಸಿಗಲಿಲ್ಲ. ಆದರೆ ಹಸನಾದ ಓಣಿಗಳು ಅವುಗಳ ಪಾಲಿಗೆ ಉಳಿದವು.

ನಗರದ ಅನುದಾನದ ದಾರಿ ಇಷ್ಟು ನೇರವಾದುದಲ್ಲ. ಮೊದಲು ಸವಿಸ್ತರ ಯೋಜನಾ ವರದಿ ಸಿದ್ಧವಾಗಬೇಕು. ಅದಕ್ಕೆ ತಾಂತ್ರಿಕ ಮಂಜೂರಾತಿ, ಆಡಳಿತದ ಮಂಜೂರಾತಿ ದೊರೆಯಬೇಕು. ನಗರ ತನ್ನ ಪಾಲಿನ ಹಣವನ್ನು ತೋರಿಸಬೇಕು. ಹಣ ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನ ವಿನಿಯೋಗ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬರುವುದಿಲ್ಲ. ಹೀಗೆ ಬಂದ ಹಣದಿಂದ ಗಾಡಿಗಳನ್ನು ಕೊಳ್ಳಬಹುದು, ಛಾವಣಿ ಕಟ್ಟಬಹುದು, ಜರಡಿಯಂತ್ರ ನಿಲ್ಲಿಸಬಹುದು, ಗೊಬ್ಬರದ ಘಟಕ, ಅನಿಲ ಘಟಕ ಸ್ಥಾಪಿಸಬಹುದು. ಇವೆಲ್ಲ ಒಮ್ಮೆ ಮಾಡುವ ಬಂಡವಾಳದ ವೆಚ್ಚಗಳು. ಆ ಯಂತ್ರವನ್ನು ವರ್ಷವಿಡೀ ನಡೆಸುವ ವಿದ್ಯುತ್ತಿನ ಬಿಲ್ಲು, ಕೆಲಸಗಾರರ ಕೂಲಿ, ದುರಸ್ತಿಯ ಖರ್ಚು ನಗರದ ಹೆಗಲಿಗೇ ಬೀಳುತ್ತವೆ. ಅನುದಾನ ಗಾಡಿಯನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸಬಲ್ಲದು. ಆ ಗಾಡಿಯಲ್ಲಿ ಏನು ಬೀಳಬೇಕೆಂಬುದು ನಮ್ಮ ಕೈಯಲ್ಲಿದೆ.

ಬಂಧುಗಳೇ, ಮರುಬಳಕೆ ಎಂಬುದು ನಮ್ಮ ಪ್ರಾಂತಕ್ಕೆ ಯಾರೋ ಹೊರಗಿನಿಂದ ಬಂದು ಕಲಿಸಬೇಕಾದ ವಿದ್ಯೆಯಲ್ಲ. ನಮ್ಮ ಮೂರು ಮುಖ್ಯ ಉದ್ಯೋಗಗಳನ್ನೇ ನೋಡಿರಿ. ಮೊದಲನೆಯದು ಕಬ್ಬು. ಬೆಲ್ಲದ ಗಾಣದಲ್ಲಿ ರಸ ಹಿಂಡಿ ಉಳಿದ ಸಿಪ್ಪೆಯನ್ನು ಒಣಗಿಸಿ, ಅದೇ ರಸವನ್ನು ಕುದಿಸುವ ಒಲೆಗೆ ಹಾಕುತ್ತಾರೆ. ಹೊರಗಿನ ಸೌದೆ ಹೆಚ್ಚು ಬೇಕಾಗುವುದಿಲ್ಲ. ಸಕ್ಕರೆ ಕಾರಖಾನೆಯಲ್ಲಿ ಅದೇ ಸಿಪ್ಪೆಯಿಂದ ವಿದ್ಯುತ್ತು, ಕಾಕಂಬಿಯಿಂದ ಮದ್ಯಸಾರ, ರಸ ಸೋಸಿ ಉಳಿದ ಮಡ್ಡಿಯಿಂದ ಹೊಲಕ್ಕೆ ಗೊಬ್ಬರ. ಎರಡನೆಯದು ಹತ್ತಿ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಂದಿನಿಂದ ಇಚಲಕರಂಜಿ ನೇಕಾರಿಕೆಯ ಊರಾಗಿ ಬೆಳೆಯಿತು. ಮಗ್ಗದಿಂದ ಉದುರಿದ ನೂಲಿನ ಗಂಟು ಯಂತ್ರ ಒರೆಸಲು ಹೋಗುತ್ತದೆ, ಬಟ್ಟೆಯ ಚಿಂದಿ ಗಾದಿಯೊಳಗೆ ತುಂಬಲು ಹೋಗುತ್ತದೆ. ಮೂರನೆಯದು ಕಬ್ಬಿಣ. ಶಿರೋಲಿ, ಗೋಕುಳ ಶಿರಗಾಂವಗಳ ಫೌಂಡ್ರಿಗಳಲ್ಲಿ ಮೋಡಕಾ ಕಬ್ಬಿಣ ಕುಲುಮೆಗೆ ಬಿದ್ದು ಹೊಸ ಯಂತ್ರದ ಭಾಗವಾಗಿ ಹೊರಬರುತ್ತದೆ.

ಮನೆಯಲ್ಲಿಯೂ ಇದೇ ನೀತಿ ಇತ್ತು. ಹಳೆಯ ಸೀರೆ ಕೌದಿಯಾಗುತ್ತಿತ್ತು. ಮುಸುರೆ ಎಮ್ಮೆಗೆ ಹೋಗುತ್ತಿತ್ತು. ಒಲೆಯ ಬೂದಿ ಪಾತ್ರೆ ತಿಕ್ಕಲು, ಉಳಿದದ್ದು ತಿಪ್ಪೆಗೆ; ತಿಪ್ಪೆ ಯುಗಾದಿಯ ಹೊತ್ತಿಗೆ ಹೊಲಕ್ಕೆ. ಕಳೆದ ವರ್ಷದ ಪಠ್ಯಪುಸ್ತಕ ಓಣಿಯ ಇನ್ನೊಂದು ಮಗುವಿಗೆ, ತೀರ ಹರಿದದ್ದು ರದ್ದಿಗೆ. ಇದಕ್ಕೆಲ್ಲ ಯಾವ ಅನುದಾನವೂ ಇರಲಿಲ್ಲ.

ಹಾಗಾದರೆ ಈಗ ಅನುದಾನವೇಕೆ ಬೇಕಾಯಿತು? ಮೇಲಿನ ಉದಾಹರಣೆಗಳಲ್ಲೆಲ್ಲ ಒಂದು ಸಾಮಾನ್ಯ ಗುಣವಿದೆ. ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ಕಬ್ಬಿನ ಸಿಪ್ಪೆಯಷ್ಟೇ ಇರುತ್ತದೆ. ಚಿಂದಿಯ ಗಂಟಿನಲ್ಲಿ ಚಿಂದಿ, ಕಬ್ಬಿಣದ ರಾಶಿಯಲ್ಲಿ ಕಬ್ಬಿಣ. ಬೆರಕೆ ಇಲ್ಲದ ವಸ್ತುವಿಗೆ ಕೊಳ್ಳುವವರಿದ್ದಾರೆ. ಕೊಳ್ಳುವವರಿದ್ದರೆ ಅದು ಕಸವೇ ಅಲ್ಲ. ಇಂದಿನ ಮನೆಯ ಬುಟ್ಟಿಯನ್ನು ನೋಡಿರಿ. ಕಾಯಿಪಲ್ಲೆಯ ಸಿಪ್ಪೆ, ಹಳಸಿದ ಸಾರು, ಹಾಲಿನ ಪಾಕೀಟು, ಬಿಸ್ಕೀಟಿನ ಹೊದಿಕೆ, ಒಡೆದ ಬಲ್ಬು, ಮಗುವಿನ ಡಯಪರ್, ಔಷಧದ ಪಟ್ಟಿ ಎಲ್ಲವೂ ಒಂದೇ ಚೀಲದಲ್ಲಿ. ಬಿಡಿಬಿಡಿಯಾಗಿದ್ದರೆ ಸಿಪ್ಪೆ ಗೊಬ್ಬರವಾಗುತ್ತಿತ್ತು, ಕಾಗದ ರದ್ದಿಯ ಅಂಗಡಿಗೆ ಹೋಗುತ್ತಿತ್ತು. ಸಾರಿನಲ್ಲಿ ತೊಯ್ದ ಕಾಗದವನ್ನು ಯಾವ ರದ್ದಿಯವನೂ ಕೊಳ್ಳುವುದಿಲ್ಲ. ಗಾಜಿನ ಚೂರು ಬೆರೆತ ಗೊಬ್ಬರವನ್ನು ಯಾವ ರೈತನೂ ಹೊಲಕ್ಕೆ ಹಾಕುವುದಿಲ್ಲ. ಅಡುಗೆಮನೆಯಲ್ಲಿ ಅರೆಗಳಿಗೆಯಲ್ಲಿ ಬೆರೆಸಿದ್ದನ್ನು ಬೇರ್ಪಡಿಸಲು ಆಮೇಲೆ ಕೋಟಿಗಟ್ಟಲೆ ರೂಪಾಯಿಯ ಯಂತ್ರ ಬೇಕಾಗುತ್ತದೆ. ಆ ಯಂತ್ರದಿಂದಲೂ ಪೂರ್ಣ ಬೇರ್ಪಡಿಕೆ ಸಾಧ್ಯವಿಲ್ಲ. ಅನುದಾನದ ದೊಡ್ಡ ಭಾಗ ಖರ್ಚಾಗುತ್ತಿರುವುದು ಈ ಬೆರಕೆಯ ಪರಿಹಾರಕ್ಕೆ.

ಗೊಬ್ಬರದ ವಿಷಯವನ್ನೇ ತೆಗೆದುಕೊಳ್ಳೋಣ. ನಗರದ ಕಸದಿಂದ ಆದ ಗೊಬ್ಬರಕ್ಕೆ ಪ್ರತಿ ಟನ್ನಿಗೆ 1,500 ರೂಪಾಯಿ ನೆರವು ನೀಡುವ ನೀತಿಯನ್ನು ಕೇಂದ್ರ ಸರಕಾರ 2016ರಲ್ಲಿ ಪ್ರಕಟಿಸಿತು. ಮಹಾರಾಷ್ಟ್ರ ಸರಕಾರ 'ಹರಿತ ಮಹಾಸಿಟಿ ಕಂಪೋಸ್ಟ್' ಎಂಬ ಹೆಸರಿನ ಮುದ್ರೆಯನ್ನೂ ಒದಗಿಸಿತು. ಆದರೆ ಮುದ್ರೆ ದೊರೆಯಬೇಕಾದರೆ ಗೊಬ್ಬರ ಪ್ರಯೋಗಾಲಯದ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕು. ಬ್ಯಾಟರಿ, ಬಲ್ಬು, ಬಣ್ಣದ ಡಬ್ಬಿಗಳ ಜೊತೆ ಕೊಳೆತ ಕಸದಲ್ಲಿ ಸೀಸ, ಪಾದರಸಗಳಂಥ ಲೋಹಗಳು ಸೇರುತ್ತವೆ. ಅಂಥ ಗೊಬ್ಬರ ಹೇಗೆ ಉತ್ತೀರ್ಣವಾದೀತು? ಹಣವೂ ಇತ್ತು, ಮುದ್ರೆಯೂ ಇತ್ತು. ಅವನ್ನು ಪಡೆಯುವ ಅರ್ಹತೆ ಮಾತ್ರ ಮನೆಯಿಂದಲೇ ಹೊರಡಬೇಕಾಗಿತ್ತು.

ಬೆರೆತ ಕಸ ರಾಶಿ ಬಿದ್ದರೆ ಏನಾಗುತ್ತದೆ? ಕೊಲ್ಹಾಪುರದವರು 'ಝೂಮ್' ಎಂದು ಕರೆಯುವ ಕಸಬಾ ಬಾವಡಾ ಕಡೆಯ ರಾಶಿಯನ್ನು ನೀವು ಬಲ್ಲಿರಿ. ಗಾಳಿಯಾಡದೆ ಕೊಳೆಯುವ ಹಸಿ ಕಸದಿಂದ ಮಿಥೇನ್ ಅನಿಲ ಹುಟ್ಟುತ್ತದೆ. ಅದು ಬೇಸಿಗೆಯಲ್ಲಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ರಾಶಿಯ ಬುಡದಿಂದ ಇಳಿಯುವ ಕಪ್ಪು ರಸ ಮಳೆಗಾಲದಲ್ಲಿ ನೆಲದ ನೀರನ್ನು ಸೇರುತ್ತದೆ. ಇಂಥ ಹಳೆಯ ರಾಶಿಗಳನ್ನು ಅಗೆದು, ಜರಡಿ ಹಿಡಿದು, ಮಣ್ಣು ಬೇರೆ, ಪ್ಲಾಸ್ಟಿಕ್ ಬೇರೆ ಮಾಡುವ ಕೆಲಸಕ್ಕೆಂದೇ ಈಗ ದೇಶದಾದ್ಯಂತ ಅನುದಾನ ವ್ಯಯವಾಗುತ್ತಿದೆ. ಒಂದು ಕಡೆ ಹಳೆಯ ರಾಶಿಯನ್ನು ಕರಗಿಸುತ್ತ, ಇನ್ನೊಂದು ಕಡೆ ಪ್ರತಿದಿನ ಬೆರೆತ ಕಸವನ್ನು ಸುರಿಯುತ್ತ ಹೋದರೆ ಅದು ತೂತುಬಿದ್ದ ಕೊಡಕ್ಕೆ ನೀರು ತುಂಬಿದಂತೆಯೇ ಸರಿ.

ಇನ್ನು ನದಿಯ ಮಾತು. ಕಾಸಾರಿ, ಕುಂಭಿ, ತುಳಶಿ, ಭೋಗಾವತಿ, ಜೊತೆಗೆ ಗುಪ್ತಗಾಮಿನಿ ಎನ್ನಲಾದ ಸರಸ್ವತಿ ಸೇರಿ ಪಂಚಗಂಗೆಯಾಗಿ, ಅದು ನೃಸಿಂಹವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ಕೃಷ್ಣೆ ಮುಂದೆ ಬೆಳಗಾವಿ ಜಿಲ್ಲೆಗೆ ಹರಿಯುತ್ತಾಳೆ. ಅಂಬೋಲಿಯಲ್ಲಿ ಹುಟ್ಟಿದ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜಗಳನ್ನು ದಾಟಿ ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಯನ್ನು ಸೇರುತ್ತದೆ. ಈ ಸಭೆಯಲ್ಲಿರುವ ಬಹುತೇಕ ಮನೆಗಳ ಬೀಗರು, ತವರಿನವರು ಆ ಕೆಳದಂಡೆಯಲ್ಲಿದ್ದಾರೆ. ರಾಜ್ಯದ ಗಡಿ ನಕ್ಷೆಯಲ್ಲಿದೆ. ನೀರಿಗೆ ಅದು ಕಾಣುವುದಿಲ್ಲ. ಗಡಹಿಂಗ್ಲಜದ ಹಳ್ಳಕ್ಕೆ ಎಸೆದ ಚೀಲ ಸಂಕೇಶ್ವರದ ಘಟ್ಟಕ್ಕೆ ಹತ್ತುತ್ತದೆ. ಮಗಳನ್ನು ಕೊಟ್ಟ ಮನೆಗೆ ನಾವು ಉಡಿ ತುಂಬಿ ಕಳುಹಿಸುತ್ತೇವೆ. ಅದೇ ಮನೆಯ ನೀರಿಗೆ ಕಸ ಸೇರಿಸಿ ಕಳುಹಿಸುವುದು ತರವೇ?

ಮಲಿನ ನೀರಿನ ಬೆಲೆ ಎಂಥದೆಂಬುದನ್ನು ಇಚಲಕರಂಜಿ ಬಲ್ಲದು. 2012ರಲ್ಲಿ ಅಲ್ಲಿ ಕುಡಿಯುವ ನೀರಿಗೆ ಹೊಲಸು ಸೇರಿ ಕಾಮಾಲೆ ಹಬ್ಬಿತು. ನಮ್ಮ ಹಿರಿಯರು ಕಾಮಣಿ ಎನ್ನುವ ಆ ರೋಗದಿಂದ ಸಾವಿರಾರು ಜನ ಬಳಲಿದರು, ಸಾವುಗಳೂ ಸಂಭವಿಸಿದವು. ಆ ಪ್ರಸಂಗದಲ್ಲಿ ಮುಖ್ಯ ಕಾರಣ ಚರಂಡಿಯ ಹೊಲಸು; ಮನೆಯ ಒಣ ಕಸವಲ್ಲ. ಆದರೆ ಚರಂಡಿ ಕಟ್ಟಿಕೊಳ್ಳುವುದು ಯಾವುದರಿಂದ? ಪ್ಲಾಸ್ಟಿಕ್ ಚೀಲದಿಂದ, ಚಿಂದಿಯಿಂದ, ಗಟಾರಕ್ಕೆ ತಳ್ಳಿದ ಕಸದಿಂದ. 2019ರ ಆಗಸ್ಟಿನ ಮಹಾಪೂರ ಇಳಿದ ಮೇಲೆ ದಂಡೆಯ ಗಿಡಮರಗಳಿಗೆ ಜೋತುಬಿದ್ದ ಪ್ಲಾಸ್ಟಿಕ್ಕನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ 2018ರ ಮಾರ್ಚ್ 23ರಂದು ಪ್ಲಾಸ್ಟಿಕ್ ನಿಷೇಧದ ಆದೇಶ ಹೊರಬಿತ್ತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿತು. ಆದೇಶ ಅಂಗಡಿಯವನಿಗೆ ದಂಡ ಹಾಕಬಲ್ಲದು. ನಮ್ಮ ಕೈಗೆ ಬಟ್ಟೆಯ ಚೀಲ ಕೊಡಲಾರದು.

ಅನುದಾನವನ್ನು ಸಾರ್ಥಕ ಮಾಡಿಕೊಂಡ ಊರುಗಳೂ ನಮ್ಮ ಸಮೀಪದಲ್ಲಿಯೇ ಇವೆ. ಕೃಷ್ಣಾ-ಕೊಯ್ನಾ ಸಂಗಮದ ಕರಾಡ 2020ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಪೈಕಿ ದೇಶದಲ್ಲಿ ಮೊದಲ ಸ್ಥಾನ ಪಡೆಯಿತು. ಅಂಬೋಲಿ ಘಟ್ಟ ಇಳಿದರೆ ಸಿಗುವ ವೆಂಗುರ್ಲಾ, ಕಸ ಸುರಿಯುತ್ತಿದ್ದ ತನ್ನ ಜಾಗವನ್ನು ಜನರು ನೋಡಲು ಬರುವ ತಾಣವನ್ನಾಗಿ ಮಾರ್ಪಡಿಸಿತು. ಅಲ್ಲಿ ಹಸಿ ಕಸದಿಂದ ಅನಿಲ ದೊರೆಯುತ್ತದೆ, ಪ್ಲಾಸ್ಟಿಕ್ಕಿನ ಚೂರು ರಸ್ತೆಯ ಡಾಂಬರಿಗೆ ಸೇರುತ್ತದೆ, ಒಣ ಕಸ ಹತ್ತಾರು ಬಗೆಯಾಗಿ ವಿಂಗಡವಾಗಿ ಮಾರಾಟಕ್ಕೆ ಹೋಗುತ್ತದೆ. ಆ ಊರು ಕೊಲ್ಹಾಪುರಕ್ಕಿಂತ ಬಹಳ ಚಿಕ್ಕದು. ಅದಕ್ಕೆ ದೊರೆತ ಹಣವೂ ಚಿಕ್ಕದು. ಮನೆಗಳಿಂದ ಬೇರ್ಪಡಿಸಿದ ಕಸವನ್ನಷ್ಟೇ ಪಡೆಯುವ ಕಟ್ಟುನಿಟ್ಟು ಅಲ್ಲಿ ದೊಡ್ಡದಾಗಿತ್ತು. ಕರ್ನಾಟಕದಲ್ಲಿ ಮೈಸೂರಿನ ಕುಂಬಾರಕೊಪ್ಪಲಿನ ಘಟಕವೂ ಇದೇ ಮಾದರಿಯದು. ಸುತ್ತಲಿನ ಮನೆಗಳ ಕಸ ಅಲ್ಲಿಯೇ ವಿಂಗಡವಾಗಿ, ಗೊಬ್ಬರವೂ ಸರಕೂ ಆಗಿ ಹೊರಬೀಳುತ್ತದೆ. 2015 ಮತ್ತು 2016ರ ಸ್ವಚ್ಛತೆಯ ಸಮೀಕ್ಷೆಗಳಲ್ಲಿ ಮೈಸೂರು ದೇಶಕ್ಕೇ ಮೊದಲಾಗಿತ್ತು.

ಇದಕ್ಕೆ ವಿರುದ್ಧವಾದ ಚಿತ್ರವೂ ಕರ್ನಾಟಕದಲ್ಲಿದೆ. ಬೆಂಗಳೂರಿನಂಥ ಶ್ರೀಮಂತ ನಗರ ತನ್ನ ಬೆರೆತ ಕಸವನ್ನು ವರ್ಷಾನುಗಟ್ಟಲೆ ಮಂಡೂರಿಗೆ ಸಾಗಿಸಿತು. ಗಬ್ಬು, ನೊಣ, ಕೆಟ್ಟ ನೀರು ಸಹಿಸಲಾರದೆ ಅಲ್ಲಿನ ಗ್ರಾಮಸ್ಥರು ದಾರಿಗೆ ಅಡ್ಡ ನಿಂತರು. 2014ರ ಕೊನೆಗೆ ಅಲ್ಲಿ ಕಸ ಸುರಿಯುವುದನ್ನು ನಿಲ್ಲಿಸಬೇಕಾಯಿತು. ಹಣದ ಕೊರತೆ ಬೆಂಗಳೂರಿಗೆ ಇರಲಿಲ್ಲ. ಪೇಟೆಯವರು ಎಸೆದದ್ದನ್ನು ಹಳ್ಳಿಯವರು ಹೊರಬೇಕೆಂಬ ಲೆಕ್ಕ ಎಂದಿಗೂ ಕೂಡಿ ಬರುವುದಿಲ್ಲ.

ಈಗ ಕಸವನ್ನು ಕೈಯಾರೆ ಮುಟ್ಟುವವರ ಮಾತು. ನಾವು ಬೆರೆಸಿದ್ದನ್ನು ಬೇರ್ಪಡಿಸುವವರು ಯಾರು? ಘಂಟಾಗಾಡಿಯ ಹಿಂದೆ ನಿಂತ ಕಾರ್ಮಿಕ, ಬೆಳಗಿನ ಜಾವ ಚೀಲ ಹೆಗಲಿಗೇರಿಸಿ ಹೊರಡುವ ಹೆಣ್ಣುಮಗಳು. ಚೀಲದೊಳಗೆ ಕೈಹಾಕಿದಾಗ ಅವರಿಗೆ ಸಿಗುವುದು ಒಡೆದ ಗಾಜು, ಚುಚ್ಚುಮದ್ದಿನ ಸೂಜಿ, ಬಳಸಿದ ಪ್ಯಾಡು. ಪುಣೆಯಲ್ಲಿ ಕಸ ಆಯುವವರು 1993ರಲ್ಲಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ' ಎಂಬ ಸಂಘಟನೆ ಕಟ್ಟಿಕೊಂಡರು. ಮುಂದೆ ಅದರಿಂದಲೇ 'ಸ್ವಚ್ಛ' ಎಂಬ ಸಹಕಾರಿ ಸಂಸ್ಥೆ ಹುಟ್ಟಿ, 2008ರಿಂದ ಮಹಾನಗರಪಾಲಿಕೆಯ ಒಪ್ಪಂದದಂತೆ ಮನೆಮನೆಯಿಂದ ಕಸ ಪಡೆಯತೊಡಗಿತು. 2016ರ ನಿಯಮಗಳು ಕಸ ಆಯುವವರನ್ನು ನಗರದ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ಹೇಳಿದವು. ಅನುದಾನದಿಂದ ಬರುವ ಯಂತ್ರ ಈ ಬಡವರ ಅನ್ನವನ್ನು ಕಸಿಯದೆ, ಅವರ ದುಡಿಮೆಯನ್ನು ಹಗುರ ಮಾಡುವಂತಿರಬೇಕು.

ನಮ್ಮ ಎರಡೂ ನುಡಿಗಳ ಪರಂಪರೆ ಈ ವಿಷಯದಲ್ಲಿ ಒಂದೇ ಮಾತನ್ನು ಹೇಳುತ್ತದೆ. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ, ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವನ್ನಾಗಿ ಕೈಗೊಂಡವಳೆಂದು ಪ್ರತೀತಿ. ಮಹಾರಾಷ್ಟ್ರದ ಗಾಡಗೆಬಾಬಾ ಊರಿಗೆ ಬಂದರೆ ಮೊದಲು ಪೊರಕೆ ಹಿಡಿದು ಬೀದಿ ಗುಡಿಸುತ್ತಿದ್ದರು, ರಾತ್ರಿ ಕೀರ್ತನೆ ಮಾಡುತ್ತಿದ್ದರು. 1876ರಿಂದ 1956ರವರೆಗಿನ ಅವರ ಬದುಕು ಪೊರಕೆಗೆ ಗೌರವ ತಂದಿತು. ಗುಡಿಸುವವರನ್ನು ಕೀಳಾಗಿ ಕಂಡು ಸತ್ಯಕ್ಕನ ಭಾವಚಿತ್ರಕ್ಕೆ ಹೂವೇರಿಸಿದರೆ ಆ ಪೂಜೆ ಸಲ್ಲುವುದಿಲ್ಲ.

ಹಾಗಾದರೆ ಶತಮಾನದ ಈ ಶಾಲೆಯ ಪರಿವಾರ ಏನು ಮಾಡಬಹುದು? ಒಂದು ಗುಣಾಕಾರ ಮಾಡಿ ನೋಡೋಣ. ಶಾಲೆಯ ನಂಟುಳ್ಳ ಐನೂರು ಮನೆಗಳಿವೆ ಎಂದು ಹಿಡಿಯೋಣ. ಪ್ರತಿ ಮನೆಯ ಹಸಿ ಕಸ ದಿನಕ್ಕೆ 600 ಗ್ರಾಂ ಎಂದಿಟ್ಟುಕೊಳ್ಳೋಣ. ದಿನಕ್ಕೆ 300 ಕಿಲೊ. ವರ್ಷಕ್ಕೆ 1,09,500 ಕಿಲೊ, ಎಂದರೆ ಸುಮಾರು ನೂರಾಹತ್ತು ಟನ್. ಹಸಿ ಸಿಪ್ಪೆಗೆ ಒಣ ಎಲೆ ಬೆರೆಸಿ, ಗಾಳಿಯಾಡುವ ಕುಂಡದಲ್ಲಿ ಇಟ್ಟರೆ ಎರಡು ತಿಂಗಳ ಸುಮಾರಿಗೆ ಗೊಬ್ಬರ ಸಿದ್ಧವಾಗುತ್ತದೆ. ಇಷ್ಟು ಕಸ ಗಾಡಿ ಹತ್ತದೆ ಮನೆಯಂಗಳದಲ್ಲಿಯೇ ಮಣ್ಣಾದರೆ, ಅದನ್ನು ಸಾಗಿಸುವ ಇಂಧನ ಉಳಿಯಿತು, ಜಾಗ ಉಳಿಯಿತು. ಇದಕ್ಕೆ ಯೋಜನಾ ವರದಿ ಬೇಕಾಗಿಲ್ಲ.

ಅಂಗಳವಿಲ್ಲದ, ಎರಡು ಕೋಣೆಯ ಬಾಡಿಗೆ ಮನೆಯವರು ಏನು ಮಾಡಬೇಕು ಎಂದು ಕೆಲವರು ಕೇಳಬಹುದು. ಮಗ್ಗದ ಕೆಲಸಕ್ಕೆ ಹೋಗುವ ಎಷ್ಟೋ ಕುಟುಂಬಗಳ ಸ್ಥಿತಿ ಅದೇ. ಅವರಿಂದ ಗೊಬ್ಬರದ ಕುಂಡವನ್ನು ಕೇಳುವುದು ನ್ಯಾಯವಲ್ಲ. ಎರಡು ಬುಟ್ಟಿಗಳನ್ನು ಕೇಳಬಹುದು. ಹಸಿಯದು ಒಂದರಲ್ಲಿ, ಒಣಗಿದ್ದು ಇನ್ನೊಂದರಲ್ಲಿ. ಬಳಸಿದ ಪ್ಯಾಡು, ಡಯಪರುಗಳನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಬೇರೆಯಾಗಿ ಕೊಡಬೇಕು. ಬಲ್ಬು, ಬ್ಯಾಟರಿ, ಔಷಧಗಳನ್ನು ಇನ್ನೊಂದೆಡೆ ಕೂಡಿಡಬೇಕು. ಇಷ್ಟಾದರೆ ಅನುದಾನದ ಗಾಡಿಗೂ ಯಂತ್ರಕ್ಕೂ ಅರ್ಥ ಬರುತ್ತದೆ.

ಈ ಕೆಲಸದಲ್ಲಿ ಕನ್ನಡ ಶಾಲೆಗೆ ವಿಶೇಷ ಪಾತ್ರವಿದೆ. ಘಂಟಾಗಾಡಿಯ ಧ್ವನಿವರ್ಧಕ 'ಓಲಾ ಕಚರಾ, ಸುಕಾ ಕಚರಾ' ಎಂದು ಮರಾಠಿಯಲ್ಲಿ ಸಾರುತ್ತದೆ. ಸೊಲ್ಲಾಪುರದಿಂದಲೋ ವಿಜಯಪುರದಿಂದಲೋ ಮೊನ್ನೆ ಮೊನ್ನೆ ಕೆಲಸಕ್ಕೆ ಬಂದ ಕುಟುಂಬದ ಅಜ್ಜಿಗೆ ಅದು ತಿಳಿಯಲಿಕ್ಕಿಲ್ಲ. ಎರಡೂ ನುಡಿಗಳನ್ನು ಬಲ್ಲ ನಮ್ಮ ಮಗು ಅದನ್ನು 'ಹಸಿ ಕಸ, ಒಣ ಕಸ' ಎಂದು ಮನೆಯ ಮಾತಿನಲ್ಲಿ ತಿಳಿಸಿ ಹೇಳಬಲ್ಲದು. ಗಡಿಯ ಶಾಲೆ ಎರಡು ಭಾಷೆಗಳ ನಡುವಿನ ಸೇತುವೆ ಎಂದು ನಾವು ಭಾಷಣಗಳಲ್ಲಿ ಹೇಳುತ್ತ ಬಂದಿದ್ದೇವೆ. ಆ ಸೇತುವೆಯ ಮೇಲೆ ಇಂಥ ನಿತ್ಯದ ಮಾತುಗಳೂ ಓಡಾಡಲಿ.

ಮರುಬಳಕೆಗಿಂತ ಮೊದಲಿನದು ಮಿತಬಳಕೆ. ಹುಟ್ಟದ ಕಸಕ್ಕೆ ಗಾಡಿಯೂ ಬೇಡ, ಅನುದಾನವೂ ಬೇಡ. ಹಿಂದೆ ಓಣಿಯ ಮದುವೆಗಳಿಗೆ ಮಠದಿಂದಲೋ ಗುಡಿಯಿಂದಲೋ ಹಂಡೆ, ತಾಟು, ತಂಬಿಗೆಗಳನ್ನು ತಂದು, ತೊಳೆದು ಮರಳಿಸುತ್ತಿದ್ದರು. ಶತಮಾನೋತ್ಸವದ ನೆನಪಿಗಾಗಿ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಅಂಥ ಸ್ಟೀಲಿನ ತಾಟು-ಲೋಟಗಳ ಭಂಡಾರವೊಂದನ್ನು ಕೊಡುಗೆಯಾಗಿ ನೀಡಿದರೆ, ಸ್ನೇಹಸಮ್ಮೇಳನಕ್ಕೂ ಆಗುತ್ತದೆ, ಪಾಲಕರ ಮನೆಯ ಕಾರ್ಯಕ್ಕೂ ಆಗುತ್ತದೆ. ಗೋಡೆಯ ಮೇಲಿನ ಹೆಸರಿನ ಕಲ್ಲಿಗಿಂತ ಅದು ಹೆಚ್ಚು ದಿನ ಜನರ ಕೈಯಲ್ಲಿ ಇರುತ್ತದೆ. ಗಣೇಶ ವಿಸರ್ಜನೆಯಲ್ಲಿ ಮೂರ್ತಿದಾನ ಮತ್ತು ನಿರ್ಮಾಲ್ಯದ ಪ್ರತ್ಯೇಕ ಸಂಗ್ರಹವನ್ನು ಕೊಲ್ಹಾಪುರದ ಜನ ಸ್ವೀಕರಿಸಿದರು. ಪಂಚಗಂಗೆಯ ಮೇಲಿನ ಭಕ್ತಿಯಿಂದಲೇ ಅದು ಸಾಧ್ಯವಾಯಿತು. ಭಕ್ತಿಗೂ ನೈರ್ಮಲ್ಯಕ್ಕೂ ವಿರೋಧವಿಲ್ಲ.

ನಮ್ಮ ಕರ್ತವ್ಯದ ಮಾತು ಹೇಳಿದೆವು. ಹಕ್ಕಿನ ಮಾತನ್ನೂ ಹೇಳಬೇಕು. ಜನ ವಿಂಗಡಿಸಿ ಕೊಟ್ಟದ್ದನ್ನು ಗಾಡಿಯಲ್ಲಿ ಮತ್ತೆ ಒಂದುಗೂಡಿಸಿದರೆ ಮರುದಿನದಿಂದ ಯಾರೂ ವಿಂಗಡಿಸುವುದಿಲ್ಲ. ಆದ್ದರಿಂದ ಪಾಲಕರು ತಮ್ಮ ನಗರಸೇವಕರನ್ನು ಮೂರು ಪ್ರಶ್ನೆ ಕೇಳಬೇಕು. ಹಸಿ ಮತ್ತು ಒಣ ಕಸ ಕೊನೆಯವರೆಗೂ ಬೇರೆಬೇರೆಯಾಗಿಯೇ ಹೋಗುತ್ತದೆಯೇ? ಬಂದ ಅನುದಾನದ ಯಂತ್ರವನ್ನು ಮುಂದಿನ ಐದು ವರ್ಷ ನಡೆಸುವ ಹಣ ಎಲ್ಲಿಂದ ಬರುತ್ತದೆ? ಕಸ ಆಯುವವರಿಗೆ ಅಲ್ಲಿ ಕೈಚೀಲ, ಗುರುತಿನ ಚೀಟಿ, ನ್ಯಾಯವಾದ ಕೂಲಿ ದೊರೆಯುತ್ತವೆಯೇ? ಇಚಲಕರಂಜಿ 2022ರಲ್ಲಿ ಮಹಾನಗರಪಾಲಿಕೆಯಾಯಿತು. ಪದವಿ ಏರಿದಂತೆ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆಯೂ ಏರಬೇಕು. ಎರಡು ಬುಟ್ಟಿ ಇಟ್ಟ ಮನೆಯವರು ಈ ಪ್ರಶ್ನೆಗಳನ್ನು ತಲೆ ಎತ್ತಿ ಕೇಳಬಲ್ಲರು.

ಗುರುಗಳಲ್ಲಿ ನಮ್ಮದೊಂದು ಬಿನ್ನಹ. ಸ್ವಚ್ಛತೆಯ ಕುರಿತು ಪ್ರಬಂಧ ಬರೆಯಿಸುವುದು ಒಳ್ಳೆಯದು. ಅದಕ್ಕಿಂತ ಒಳ್ಳೆಯದು, ಶಾಲೆಯ ಒಂದು ವಾರದ ಕಸವನ್ನು ಮಕ್ಕಳಿಂದಲೇ ತೂಗಿಸಿ, ಕರಿಹಲಗೆಯ ಮೂಲೆಯಲ್ಲಿ ಬರೆಯಿಸುವುದು. ಸೋಮವಾರ ಇಷ್ಟು, ಶನಿವಾರ ಇಷ್ಟು. ಆ ಅಂಕಿ ಇಳಿಯುವುದನ್ನು ಕಣ್ಣಾರೆ ಕಂಡ ಮಗು ಅದನ್ನು ಮರೆಯುವುದಿಲ್ಲ, ಮನೆಯಲ್ಲಿಯೂ ಸುಮ್ಮನಿರುವುದಿಲ್ಲ. ಗಣಿತ, ವಿಜ್ಞಾನ, ನಾಗರಿಕಶಾಸ್ತ್ರ ಮೂರೂ ಆ ತಕ್ಕಡಿಯಲ್ಲಿವೆ.

ನೂರು ವರ್ಷದ ಹಿಂದೆ ನಮ್ಮ ಹಿರಿಯರು ಅನ್ಯಭಾಷೆಯ ಊರಿನಲ್ಲಿ ಕನ್ನಡದ ಶಾಲೆಯನ್ನು ತೆರೆದಾಗ, ಸರಕಾರ ಏನು ಕೊಡುತ್ತದೆ ನೋಡೋಣ ಎಂದು ಕೈಕಟ್ಟಿ ಕುಳಿತಿದ್ದರೆ ಇಂದಿನ ಸಮಾರಂಭ ನಡೆಯುತ್ತಿರಲಿಲ್ಲ. ಅವರು ತಮ್ಮ ಕೈಲಾದುದನ್ನು ಮಾಡಿದರು, ಆಮೇಲೆ ಸರಕಾರದಿಂದ ತಮಗೆ ಸಲ್ಲಬೇಕಾದುದನ್ನು ಕೇಳಿ ಪಡೆದರು. ನಮ್ಮ ನಗರಗಳು ಅನುದಾನ ಕೇಳಲಿ, ಅವಶ್ಯವಾಗಿ ಪಡೆಯಲಿ. ಆ ಅರ್ಜಿಯ ಜೊತೆಗೆ ಲಗತ್ತಿಸಬೇಕಾದ ಒಂದು ಕಾಗದ ಮಾತ್ರ ನಮ್ಮ ಮನೆಗಳಿಂದಲೇ ಹೋಗಬೇಕಾಗಿದೆ: ನಾವು ಬೆರೆಸುವುದಿಲ್ಲ ಎಂಬ ಒಪ್ಪಿಗೆ.